ಉಳ್ಳಾಗಡ್ಡಿ ಸುಗ್ಗಿಯಲ್ಲಿ ಜೋತುಬಿದ್ದ ಪಾದ: ಒಂದು ಪ್ರಕರಣ ಅಧ್ಯಯನ

ಕೊಪ್ಪಳ ಜಿಲ್ಲೆಯ ಎರೆಭೂಮಿಯಲ್ಲಿ ಮುಂಗಾರಿನ ಉಳ್ಳಾಗಡ್ಡಿ ಕೀಳುವ ಕಾಲ ಬಂತೆಂದರೆ ಹೊಲದ ತುಂಬ ಹೆಂಗಸರು ಕುಕ್ಕರಗಾಲಿನಲ್ಲಿ ಸಾಲಾಗಿ ಕುಳಿತಿರುತ್ತಾರೆ. ಕಿತ್ತು ಒಣಹಾಕಿದ ಗಡ್ಡೆಯ ತಪ್ಪಲನ್ನೂ ಬೇರನ್ನೂ ಕುಡುಗೋಲಿನಿಂದ ಕೊಯ್ದು ಬೇರೆ ಮಾಡಿ ಚೀಲ ತುಂಬುವುದು ಅವರ ಕೆಲಸ. ಕೂಲಿ ಚೀಲದ ಲೆಕ್ಕದಲ್ಲಿ ಸಿಗುವುದರಿಂದ ನಡುವೆ ಏಳುವವರು ಕಡಿಮೆ. ಒಂದು ಗುಡ್ಡೆ ಮುಗಿದರೆ ಕುಳಿತಲ್ಲಿಂದಲೇ ಸರಿದು ಮುಂದಿನ ಗುಡ್ಡೆಗೆ ಹೋಗುತ್ತಾರೆ. ಇಲ್ಲಿ ವಿವರಿಸುವ ಪ್ರಕರಣ ಅಂಥ ಒಂದು ಸಾಲಿನಿಂದ ಎದ್ದು ಬಂದದ್ದು. ಆ ಮಹಿಳೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರನ್ನು ಹೇಳಿಲ್ಲ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಲ್ಲೂಕು ಕೇಂದ್ರವೊಂದರಲ್ಲಿ ಫಿಜಿಯೋಥೆರಪಿಸ್ಟ್ ಆಗಿರುವ ನಾನು ಈ ಪ್ರಕರಣದಲ್ಲಿ ಒಂಬತ್ತು ದಿನ ತಪ್ಪು ಜಾಗಕ್ಕೆ ಚಿಕಿತ್ಸೆ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿನ್ನೆಲೆ

ಆಕೆಗೆ ಮೂವತ್ತಾರು ವರ್ಷ. ಗಂಡನಿಗೆ ಒಂದೂವರೆ ಎಕರೆ ಒಣಬೇಸಾಯ; ಉಳಿದಂತೆ ಇಬ್ಬರೂ ಕೂಲಿಗೆ ಹೋಗುವವರು. ಸುಗ್ಗಿಗೆ ಸುಮಾರು ಐದು ವಾರ ಮೊದಲು ಆಕೆಗೆ ಟೈಫಾಯ್ಡ್ ಜ್ವರ ಬಂದಿತ್ತು. ಜ್ವರ ಇಳಿದ ಮೇಲೂ ಊಟ ಸೇರದೆ, ಗಂಜಿ ಕುಡಿಯುತ್ತ ಹೆಚ್ಚುಕಡಿಮೆ ಒಂದು ತಿಂಗಳು ನೆಲದ ಮೇಲಿನ ಚಾಪೆಯಲ್ಲೇ ಮಲಗಿದ್ದರು. ಮೊದಲು 52 ಕಿಲೋ ಇದ್ದ ತೂಕ 44ಕ್ಕೆ ಇಳಿದಿತ್ತು. ಔಷಧಕ್ಕೆಂದು ಮಾಡಿದ ಕೈಗಡ ತೀರಿಸಬೇಕಾಗಿತ್ತು; ಆದ್ದರಿಂದ ಮೈ ಚೇತರಿಸಿಕೊಳ್ಳುವ ಮೊದಲೇ ಉಳ್ಳಾಗಡ್ಡಿ ಕೊಯ್ಯಲು ಹೊರಟರು. ಮೊದಲ ಬಾರಿ ನಾನು ಬರೆದುಕೊಂಡ ಟಿಪ್ಪಣಿಯಲ್ಲಿ ಈ ಎಂಟು ಕಿಲೋ ಇಲ್ಲವೇ ಇಲ್ಲ, ಏಕೆಂದರೆ ನಾನು ಅದನ್ನು ಕೇಳಿರಲಿಲ್ಲ.

ಕೆಲಸದ ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಬಲಗಾಲು ಜೋಮು ಹಿಡಿದಿತ್ತು. ಆಕೆಯ ಮಾತಿನಲ್ಲೇ ಹೇಳುವುದಾದರೆ, "ಜೋಮು ದಿನಾ ಹತ್ತತಿತ್ರಿ, ಎದ್ದು ಝಾಡಿಸಿದರ ಹೋಗತಿತ್ತು. ಆವತ್ತ ಹೋಗಲಿಲ್ಲ." ಸಂಜೆ ಊರಿಗೆ ಮರಳಲು ಟಂಟಂ ಹತ್ತುವಾಗ ಬಲಪಾದದ ತುದಿ ಪಾವಟಿಗೆಗೆ ತಗುಲಿ ಮುಗ್ಗರಿಸಿದರು. ಮನೆಗೆ ಬಂದು ನೋಡಿದರೆ ಪಾದ ಮೇಲೆತ್ತಲು ಬರುತ್ತಿಲ್ಲ, ಬೆರಳುಗಳು ಮೇಲೇಳುತ್ತಿಲ್ಲ. ನೋವು ಮಾತ್ರ ಇರಲಿಲ್ಲ. ಈ ನೋವಿಲ್ಲದಿರುವಿಕೆಯೇ ಮುಂದಿನ ನಾಲ್ಕು ವಾರಗಳ ಗೊಂದಲಕ್ಕೆ ಅರ್ಧ ಕಾರಣವಾಯಿತು.

ಮೊದಲ ಎರಡು ಊಹೆಗಳು

ನೋವಿಲ್ಲದೆ ಒಂದು ಅಂಗ ಬಿದ್ದುಹೋದರೆ ನಮ್ಮ ಕಡೆ ಹೇಳುವ ಹೆಸರು ಒಂದೇ: ಲಕ್ವ. ಮರುದಿನವೇ ಆಕೆಯನ್ನು ಲಕ್ವಕ್ಕೆ ಔಷಧ ಕೊಡುವ ನಾಟಿ ವೈದ್ಯರೊಬ್ಬರಲ್ಲಿಗೆ ಕರೆದೊಯ್ದರು. ಅವರು ಎಣ್ಣೆ ತಿಕ್ಕಿ, ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಬಿದಿರಿನ ದಬ್ಬೆ ಇಟ್ಟು ಬಟ್ಟೆಯಿಂದ ಬಿಗಿದು ಕಟ್ಟಿದರು. ಕಟ್ಟು ಹತ್ತು ದಿನ ಇತ್ತು. ಈ ಕಟ್ಟನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜೋತುಬಿದ್ದ ಪಾದವನ್ನು ಲಂಬವಾಗಿ ಹಿಡಿದಿಟ್ಟದ್ದು ಆ ಕಟ್ಟಿನ ಒಳ್ಳೆಯ ಗುಣ. ಇಲ್ಲವಾದರೆ ಮೀನಖಂಡದ ಸ್ನಾಯುಗಳು ಸೆಡೆತು ಹಿಮ್ಮಡಿ ನೆಲಕ್ಕೆ ತಾಗದಂತಾಗುತ್ತಿತ್ತು. ಆದರೆ ಅದರ ಮೇಲಿನ ಅಂಚು ಕಾಲಿನ ಹೊರಬದಿಯಲ್ಲಿ, ಮೊಣಕಾಲಿನಿಂದ ಎರಡು ಬೆರಳಷ್ಟು ಕೆಳಗೆ ಒತ್ತುತ್ತಿತ್ತು. ಇಡೀ ಕಾಲಿನಲ್ಲಿ ಒತ್ತಬಾರದ ಜಾಗ ಒಂದಿದ್ದರೆ ಅದು ಅದೇ ಆಗಿತ್ತು.

ಎರಡನೆಯ ವಾರದ ಕೊನೆಗೆ ಪಟ್ಟಣದ ವೈದ್ಯರೊಬ್ಬರು ನೋಡಿದರು. ಮುಖ ಸರಿಯಿದೆ, ಮಾತು ಸರಿಯಿದೆ, ಕೈ ಸರಿಯಿದೆ, ತೊಡೆಯ ಬಲ ಸರಿಯಿದೆ. ಮಿದುಳಿನಿಂದ ಬಂದ ಪಾರ್ಶ್ವವಾಯು ಸಾಮಾನ್ಯವಾಗಿ ಹೀಗೆ ಪಾದವೊಂದನ್ನೇ ಆರಿಸಿಕೊಳ್ಳುವುದಿಲ್ಲ ಎಂದು ಅವರು ಲಕ್ವದ ಮಾತನ್ನು ಅಲ್ಲಿಗೆ ಮುಗಿಸಿದರು. ಅಲ್ಲಿಂದ ಮುಂದೆ ಅವರ ಅನುಮಾನ ಬೆನ್ನುಮೂಳೆಯ ಕಡೆಗೆ ಹೋಯಿತು. ಪಾದ ಮೇಲೆತ್ತುವ ಸ್ನಾಯುಗಳಿಗೆ ಮುಖ್ಯವಾಗಿ ಬೆನ್ನುಹುರಿಯ ಎಲ್5 ಎಂಬ ನರಬೇರಿನಿಂದ ಸೂಚನೆ ಬರುವುದರಿಂದ ಆ ಅನುಮಾನ ಅಸಹಜವೇನಲ್ಲ. ಎಂಆರ್‌ಐ ಮಾಡಿಸಲಾಯಿತು. ಅದರಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿರುವುದು ಕಂಡಿತು. ಆ ಮಟ್ಟದ ಡಿಸ್ಕ್ ಉಬ್ಬಿದರೆ ಒತ್ತಡ ಬೀಳುವುದು ಸಾಮಾನ್ಯವಾಗಿ ಎಲ್5 ಬೇರಿನ ಮೇಲೆಯೇ. ಹೀಗೆ ಅನುಮಾನಕ್ಕೂ ಚಿತ್ರಕ್ಕೂ ಚೆನ್ನಾಗಿ ತಾಳೆಯಾಯಿತು. ವಿಶ್ರಾಂತಿ, ಸೊಂಟದ ಬೆಲ್ಟ್, ಬಿ12 ಮಾತ್ರೆ, ಫಿಜಿಯೋಥೆರಪಿ. ಒಂದು ತಿಂಗಳಲ್ಲಿ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಎಂದು ಬರೆದು ನನ್ನಲ್ಲಿಗೆ ಕಳುಹಿಸಿದರು.

ಹತ್ತೊಂಬತ್ತನೆಯ ದಿನ ಆಕೆ ಬಂದಾಗ ನಾನು ಮೊದಲು ಬಿಚ್ಚಿದ್ದು ಎಂಆರ್‌ಐ ಲಕೋಟೆಯನ್ನು. ವರದಿ ಓದಿ, ಮೇಜಿನ ಅಂಚಿನಲ್ಲಿ ಕುಳ್ಳಿರಿಸಿ, ಕಾಲು ಇಳಿಬಿಟ್ಟ ಸ್ಥಿತಿಯಲ್ಲೇ ಪಾದದ ಬಲ ನೋಡಿದೆ. ಸ್ನಾಯುಬಲವನ್ನು ನಾವು 0ಯಿಂದ 5ರವರೆಗೆ ಅಳೆಯುತ್ತೇವೆ: 0 ಎಂದರೆ ಮಿಡಿತವೂ ಇಲ್ಲ, 1 ಎಂದರೆ ಮಿಡಿತವಷ್ಟೇ, 3 ಎಂದರೆ ಗುರುತ್ವಕ್ಕೆ ಎದುರಾಗಿ ಎತ್ತಬಲ್ಲದು, 5 ಎಂದರೆ ಪೂರ್ಣ ಬಲ. ಪಾದ ಮೇಲೆತ್ತುವುದು 1, ಹೆಬ್ಬೆರಳು ಎತ್ತುವುದು 0, ಪಾದವನ್ನು ಹೊರಕ್ಕೆ ಹೊರಳಿಸುವುದು 2, ಒಳಕ್ಕೆ ಹೊರಳಿಸುವುದು 3 ಎಂದು ಬರೆದುಕೊಂಡೆ. ಕೊನೆಯ ಆ 3 ತಪ್ಪು. ಅದನ್ನು ಆಧಾರ ಮಾಡಿಕೊಂಡು ಒಂಬತ್ತು ದಿನ ಸೊಂಟಕ್ಕೆ ಟ್ರ್ಯಾಕ್ಷನ್, ಅಂದರೆ ಎಳೆತದ ಚಿಕಿತ್ಸೆ ಕೊಟ್ಟು, ಬೆನ್ನಿನ ವ್ಯಾಯಾಮ ಮಾಡಿಸಿದೆ. ಎಂದೂ ಬೆನ್ನು ನೋಯದಿದ್ದ ಆಕೆಗೆ ಮೂರನೆಯ ದಿನದಿಂದ ಬೆನ್ನು ನೋಯಲಾರಂಭಿಸಿತು.

ಚಪ್ಪಲಿ

ಇಪ್ಪತ್ತೆಂಟನೆಯ ದಿನ ಆಕೆ ಒಂದೇ ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದರು. ಬಲಗಾಲಿನದು ಬಸ್ ನಿಲ್ದಾಣದಿಂದ ಬರುವ ದಾರಿಯಲ್ಲಿ ಎಲ್ಲೋ ಕಳಚಿ ಉಳಿದಿತ್ತು. "ಎಲ್ಲಿ ಬಿತ್ತೋ ಗೊತ್ತಾಗಲಿಲ್ರಿ ಸರ್, ಕಾಲಿಗೆ ಕಲ್ಲು ಚುಚ್ಚಿದ ಮ್ಯಾಲೆ ನೋಡಿಕೊಂಡೆ" ಎಂದರು. ಜೊತೆಗೆ ಬಂದಿದ್ದ ಅತ್ತೆ ಮುಸಿಮುಸಿ ನಕ್ಕರು, ಇದು ಮೊದಲನೆಯದೇನಲ್ಲವಂತೆ.

ಉಂಗುಟದ ಚಪ್ಪಲಿ ಕಾಲಿನಲ್ಲಿ ನಿಲ್ಲಬೇಕಾದರೆ ಹೆಜ್ಜೆ ಎತ್ತುವಾಗ ಬೆರಳುಗಳು ಮೇಲೇಳಬೇಕು, ಪಾದದ ಮುಂಭಾಗವೂ ಏಳಬೇಕು; ಅವೆರಡೂ ಆಕೆಯಿಂದ ಆಗುತ್ತಿರಲಿಲ್ಲ, ಹಾಗಾಗಿ ಕಳಚಿದ್ದು ಸಹಜ. ನನ್ನನ್ನು ತಡೆದು ನಿಲ್ಲಿಸಿದ್ದು ಆಕೆಯ ಎರಡನೆಯ ಮಾತು. ಕಳಚಿದ್ದು ಗೊತ್ತಾಗದವರಿಗೆ ಅಂಗಾಲಿಗೆ ಚುಚ್ಚಿದ ಕಲ್ಲು ಗೊತ್ತಾಗಿತ್ತು. ಅಂದರೆ ಪಾದದ ಮೇಲ್ಭಾಗ ಸ್ಪರ್ಶವನ್ನು ಕಳೆದುಕೊಂಡಿದೆ, ಅಂಗಾಲು ಕಳೆದುಕೊಂಡಿಲ್ಲ. ಲಕೋಟೆಯನ್ನು ಬದಿಗಿಟ್ಟು ಆಕೆಯನ್ನು ಮತ್ತೆ ಮಂಚದ ಮೇಲೆ ಮಲಗಿಸಿ, ಮೊದಲ ದಿನವೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಆಗ ಮಾಡಿದೆ.

ಪರೀಕ್ಷೆಯನ್ನು ವಿವರಿಸುವ ಮೊದಲು ಆ ನರದ ದಾರಿಯನ್ನು ಹೇಳಬೇಕು. ಸೊಂಟದ ನರಬೇರುಗಳು ಸೇರಿ ಆದ ಸಯಾಟಿಕ್ ನರ ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ ಇಳಿದು, ಸಾಮಾನ್ಯವಾಗಿ ಮೊಣಕಾಲಿನ ಹಿಂದೆ ತುಸು ಮೇಲಕ್ಕೆ ಎರಡಾಗಿ ಒಡೆಯುತ್ತದೆ. ಒಂದು ಟಿಬಿಯಲ್ ನರ. ಅದು ಮೀನಖಂಡದ ಆಳದಲ್ಲಿ, ದಪ್ಪ ಸ್ನಾಯುಗಳ ಆಸರೆಯಲ್ಲಿ ಸಾಗಿ ಅಂಗಾಲನ್ನು ತಲುಪುತ್ತದೆ. ಇನ್ನೊಂದು ಕಾಮನ್ ಪೆರೋನಿಯಲ್ ನರ. ಅದಕ್ಕೆ ಅಂಥ ಆಸರೆಯ ಭಾಗ್ಯವಿಲ್ಲ. ಮೊಣಕಾಲಿನ ಹೊರಬದಿಗೆ ತಿರುಗಿ, ಫಿಬುಲಾ ಎಂಬ ತೆಳು ಎಲುಬಿನ ಕುತ್ತಿಗೆಯನ್ನು ಬಳಸಿ, ಪೆರೋನಿಯಸ್ ಲಾಂಗಸ್ ಸ್ನಾಯುವಿನ ಬಿಗಿಯಾದ ನಾರಿನ ಕಮಾನಿನಡಿ ನುಸುಳಿ ಕಾಲಿನ ಮುಂಭಾಗಕ್ಕೆ ಬರುತ್ತದೆ. ಆ ತಿರುವಿನಲ್ಲಿ ಅದರ ಕೆಳಗೆ ಗಟ್ಟಿ ಎಲುಬು, ಮೇಲೆ ಚರ್ಮ ಮತ್ತು ಒಂದಿಷ್ಟು ಕೊಬ್ಬು. ಮೊಣಕಾಲಿನ ಹೊರಬದಿಯಲ್ಲಿ ಕೈಗೆ ಸಿಗುವ ಎಲುಬಿನ ಗುಬ್ಬಿಯ ಸ್ವಲ್ಪ ಕೆಳಗೆ ಬೆರಳಿಟ್ಟು ಅತ್ತಿತ್ತ ಉರುಳಿಸಿದರೆ ದಾರದಂಥ ಈ ನರವನ್ನು ಯಾರು ಬೇಕಾದರೂ ತಮ್ಮ ಕಾಲಿನಲ್ಲೇ ಮುಟ್ಟಿ ನೋಡಬಹುದು. ಅಲ್ಲಿಂದ ಮುಂದೆ ಅದು ಮತ್ತೆ ಕವಲೊಡೆಯುತ್ತದೆ. ಆಳದ ಕವಲು ಪಾದವನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳಿಗೆ ಹೋಗುತ್ತದೆ. ಹೊರಪದರದ ಕವಲು ಪಾದವನ್ನು ಹೊರಕ್ಕೆ ಹೊರಳಿಸುವ ಸ್ನಾಯುಗಳಿಗೂ ಪಾದದ ಮೇಲ್ಭಾಗದ ಚರ್ಮಕ್ಕೂ ಹೋಗುತ್ತದೆ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಷ್ಟು ಚರ್ಮ ಮಾತ್ರ ಆಳದ ಕವಲಿನ ಪಾಲು.

ಹೀಗಾಗಿ ಪಾದ ಜೋತುಬಿದ್ದಾಗ ತೊಂದರೆ ಬೆನ್ನಿನಲ್ಲಿದೆಯೋ ಮೊಣಕಾಲಿನ ಪಕ್ಕದಲ್ಲಿದೆಯೋ ಎಂಬುದನ್ನು ಬಿದ್ದ ಸ್ನಾಯುಗಳು ಹೇಳಲಾರವು. ಎರಡೂ ಕಡೆಯ ಪೆಟ್ಟಿಗೆ ಅವು ಒಂದೇ ರೀತಿ ಬೀಳುತ್ತವೆ. ಹೇಳಬೇಕಾದವು ಬೀಳದೆ ಉಳಿದ ಸ್ನಾಯುಗಳು. ಅವುಗಳಲ್ಲಿ ಮುಖ್ಯವಾದದ್ದು ಟಿಬಿಯಾಲಿಸ್ ಪೋಸ್ಟೀರಿಯರ್, ಅಂದರೆ ಪಾದವನ್ನು ಒಳಕ್ಕೆ ಹೊರಳಿಸುವ ಸ್ನಾಯು. ಇದು ಎಲ್5 ಬೇರಿನಿಂದಲೂ ಸೂಚನೆ ಪಡೆಯುತ್ತದೆ, ಆದರೆ ಆ ಸೂಚನೆ ಬರುವುದು ಟಿಬಿಯಲ್ ನರದ ದಾರಿಯಲ್ಲಿ. ಇನ್ನೊಂದು ಗ್ಲೂಟಿಯಸ್ ಮೀಡಿಯಸ್, ಸೊಂಟದ ಪಕ್ಕದಲ್ಲಿದ್ದು ತೊಡೆಯನ್ನು ಹೊರಕ್ಕೆ ಎತ್ತುವಂಥದ್ದು; ಇದೂ ಎಲ್5ಕ್ಕೆ ಸೇರಿದ್ದೇ, ಆದರೆ ಇದರ ನರ ಪೃಷ್ಠದಲ್ಲೇ ಬೇರೆಯಾಗಿಬಿಡುತ್ತದೆ. ನರಬೇರೇ ಜಜ್ಜಿದ್ದರೆ ಈ ಎರಡೂ ಸೋಲಬೇಕು. ತೊಂದರೆ ಫಿಬುಲಾದ ಕುತ್ತಿಗೆಯಲ್ಲಿದ್ದರೆ ಎರಡೂ ಗಟ್ಟಿಯಾಗಿರಬೇಕು.

ಹಾಗಿದ್ದರೆ ಮೊದಲ ದಿನ ಒಳಹೊರಳಿಕೆ 3 ಎಂದು ಕಂಡದ್ದೇಕೆ? ಪಾದ ಜೋತುಬಿದ್ದಿರುವಾಗ ಟಿಬಿಯಾಲಿಸ್ ಪೋಸ್ಟೀರಿಯರ್ ಆಗಲೇ ಮೊಟಕಾಗಿರುತ್ತದೆ. ಮೊಟಕಾದ ಸ್ನಾಯುವಿಗೆ ಎಳೆಯಲು ಪಟ್ಟು ಸಿಗುವುದಿಲ್ಲ. ಆದ್ದರಿಂದ ಪರೀಕ್ಷಕ ತನ್ನ ಕೈಯಿಂದ ಪಾದವನ್ನು ಲಂಬಕೋನಕ್ಕೆ ಎತ್ತಿ ಹಿಡಿದು, ಆ ಸ್ಥಿತಿಯಲ್ಲಿ ಒಳಕ್ಕೆ ಹೊರಳಿಸಲು ಹೇಳಬೇಕು. ಓದುವಾಗ ಕಲಿತ ಈ ಮಾತು ಮೇಜಿನ ಮುಂದೆ ನಿಂತಾಗ ನೆನಪಾಗಿರಲಿಲ್ಲ. ಎಂಆರ್‌ಐ ವರದಿ ಉತ್ತರವನ್ನು ಆಗಲೇ ಹೇಳಿಬಿಟ್ಟಿದ್ದರಿಂದ ಪರೀಕ್ಷೆಯನ್ನು ನಾನು ಉತ್ತರಕ್ಕೆ ತಕ್ಕಂತೆ ಮಾಡಿದ್ದೆ ಎಂದರೂ ಸರಿಯೇ.

ಈ ಸಲ ಪಾದ ಎತ್ತಿ ಹಿಡಿದು ನೋಡಿದಾಗ ಒಳಹೊರಳಿಕೆ ಪೂರ್ತಿ 5. ನನ್ನ ಕೈಯನ್ನೇ ದೂಡಿದರು. ಪಕ್ಕಕ್ಕೆ ಮಲಗಿಸಿ ತೊಡೆ ಎತ್ತಿಸಿದಾಗ ಅದೂ 5. ಪಾದ ಕೆಳಕ್ಕೆ ಒತ್ತುವುದು 5. ಕಾಲು ನೇರವಾಗಿ ಎತ್ತಿದಾಗ ತೊಡೆಯ ಹಿಂದೆ ಸೆಳೆತವಿಲ್ಲ. ಮೊಣಕಾಲಿನ ಮತ್ತು ಹಿಮ್ಮಡಿಯ ಪ್ರತಿವರ್ತನೆಗಳು ಎರಡೂ ಕಡೆ ಸಮ. ಆದರೆ ಎಲ್5 ಬೇರಿಗೆ ನಂಬಬಹುದಾದ ಪ್ರತಿವರ್ತನೆಯೇ ಇಲ್ಲದಿರುವುದರಿಂದ ಇದರಿಂದ ಹೆಚ್ಚೇನೂ ತೀರ್ಮಾನಿಸುವಂತಿರಲಿಲ್ಲ. ಹತ್ತಿಯ ಎಳೆಯಿಂದ ಮುಟ್ಟಿದಾಗ ಪಾದದ ಮೇಲ್ಭಾಗ ಮತ್ತು ಕಾಲಿನ ಹೊರಬದಿಯ ಕೆಳಭಾಗ ಮಂಕಾಗಿದ್ದವು, ಅಂಗಾಲು ಚೆನ್ನಾಗಿತ್ತು. ಫಿಬುಲಾದ ಕುತ್ತಿಗೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಆಕೆ ತಟ್ಟನೆ ಕಾಲು ಹಿಂದಕ್ಕೆಳೆದು, "ಕರೆಂಟ್ ಹೊಡದಂಗಾತ್ರಿ, ಹೆಬ್ಬೆಟ್ಟಿನ ತನಕ ಹೋತು" ಎಂದರು. ದಬ್ಬೆ ಕಟ್ಟಿನ ಅಂಚಿನ ಮಾಸಿದ ಗೆರೆ ಅದೇ ಜಾಗದಲ್ಲಿ ಇನ್ನೂ ಕಾಣುತ್ತಿತ್ತು. ಕಟ್ಟಿನ ಕಥೆ, ಜ್ವರದ ಕಥೆ, ತೂಕ ಇಳಿದ ಕಥೆ ನನಗೆ ತಿಳಿದದ್ದು ಆ ಹೊತ್ತಿನಲ್ಲಿ, ಆ ಗೆರೆಯ ಬಗ್ಗೆ ಕೇಳಿದ ಮೇಲೆ.

ಖಚಿತಪಡಿಸಿಕೊಂಡ ಬಗೆ

ಎರಡು ವಿಷಯಗಳು ಉಳಿದಿದ್ದವು. ಮೊದಲನೆಯದು ಕುಷ್ಠರೋಗ. ದೇಶದ ಮಟ್ಟದಲ್ಲಿ ಕುಷ್ಠ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು 2005ರ ಕೊನೆಗೆ ಘೋಷಣೆಯಾಗಿದ್ದರೂ ರೋಗ ಮಾಯವಾಗಿಲ್ಲ. ಅದು ದಪ್ಪಗಾಗಿಸಿ ಹಾಳುಮಾಡುವ ನರಗಳಲ್ಲಿ ಇದೇ ಕಾಮನ್ ಪೆರೋನಿಯಲ್ ನರವೂ ಒಂದು. ಉತ್ತರ ಕರ್ನಾಟಕದಲ್ಲಿ ಜೋತುಬಿದ್ದ ಪಾದವನ್ನು ನೋಡುವ ಯಾರೂ ಇದನ್ನು ಕೇಳದೆ ಬಿಡಬಾರದು. ಆಕೆಯ ನರ ಎಡಗಾಲಿನದಕ್ಕಿಂತ ದಪ್ಪವಾಗಿರಲಿಲ್ಲ, ಮೊಣಕೈಯ ಉಲ್ನಾರ್ ನರವೂ ಸಹಜವಾಗಿತ್ತು. ಆದರೂ ಮೈಮೇಲಿನ ಮಚ್ಚೆಗಳನ್ನು ಪೂರ್ತಿಯಾಗಿ ನೋಡುವುದು ನನ್ನ ಕೊಠಡಿಯಲ್ಲಿ ಆಗುವ ಕೆಲಸವಲ್ಲವಾದ್ದರಿಂದ ಸರಕಾರಿ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ಚರ್ಮರೋಗ ವೈದ್ಯರು ನೋಡಿ ಇಲ್ಲವೆಂದರು. ರಕ್ತದ ಸಕ್ಕರೆಯೂ ಸಹಜವಾಗಿತ್ತು.

ಎರಡನೆಯದು ನರದ ವಿದ್ಯುತ್ ಪರೀಕ್ಷೆ. ಇದಕ್ಕಾಗಿ ಹೊಸಪೇಟೆ ದಾಟಿ ಬಳ್ಳಾರಿಗೆ ಹೋಗಬೇಕಾಯಿತು. ಒಂದು ದಿನದ ಇಬ್ಬರ ಕೂಲಿ, ಬಸ್ ಖರ್ಚು, ಪರೀಕ್ಷೆಯ ಖರ್ಚು. ಈಗಾಗಲೇ ಎಂಆರ್‌ಐಗೆ ಸಾಲ ಮಾಡಿದ್ದ ಗಂಡ, "ಮತ್ತೊಂದ ಫೋಟೋ ತೆಗಸಬೇಕೇನ್ರಿ?" ಎಂದು ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೈಯಿಂದ ಮಾಡಿದ ಪರೀಕ್ಷೆಯೇ ಸಾಕಷ್ಟು ಸ್ಪಷ್ಟವಾಗಿರುವಾಗ ಇದು ಬೇಕೇ ಎಂದು ನಾನೂ ಯೋಚಿಸಿದೆ. ಬೇಕೆಂದು ತೀರ್ಮಾನಿಸಿದ್ದು ಎರಡು ಕಾರಣಕ್ಕೆ: ಬೆನ್ನಿನ ಶಸ್ತ್ರಚಿಕಿತ್ಸೆಯ ಮಾತು ಕಾಗದದ ಮೇಲೆ ಇತ್ತು, ಅದನ್ನು ಅಳಿಸಲು ಕಾಗದದ ಮೇಲಿನ ಇನ್ನೊಂದು ಸಾಕ್ಷ್ಯ ಬೇಕಾಗಿತ್ತು, ಮತ್ತು ನರ ಎಷ್ಟು ಕೆಟ್ಟಿದೆ ಎಂಬುದನ್ನು ಕೈ ಹೇಳಲಾರದು. ತಡವಾಗಿ ಬಂದದ್ದರಿಂದ ಒಂದು ಅನುಕೂಲವೂ ಆಗಿತ್ತು. ಪೆಟ್ಟಾದ ಮೊದಲ ಕೆಲವು ದಿನ ತುಂಡಾದ ನರತಂತುವಿನ ಕೆಳಭಾಗ ಕೂಡ ವಿದ್ಯುತ್ತಿಗೆ ಸ್ಪಂದಿಸುತ್ತಿರುತ್ತದೆ, ಸ್ನಾಯುವಿನೊಳಗೆ ಸೂಜಿ ಹಾಕಿ ನೋಡುವ ಬದಲಾವಣೆಗಳು ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಮೊದಲ ವಾರದಲ್ಲೇ ಮಾಡಿಸಿದ್ದರೆ ವರದಿ ಅರ್ಧ ಸತ್ಯವನ್ನಷ್ಟೇ ಹೇಳುತ್ತಿತ್ತು.

ವರದಿಯ ತಿರುಳು ಹೀಗಿತ್ತು: ಫಿಬುಲಾದ ಕುತ್ತಿಗೆಗಿಂತ ಕೆಳಗೆ ನರವನ್ನು ಚುರುಕುಗೊಳಿಸಿದಾಗ ಸ್ನಾಯು ಚೆನ್ನಾಗಿ ಸ್ಪಂದಿಸುತ್ತದೆ, ಕುತ್ತಿಗೆಗಿಂತ ಮೇಲೆ, ಮೊಣಕಾಲಿನ ಹಿಂದೆ ಚುರುಕುಗೊಳಿಸಿದಾಗ ಸ್ಪಂದನ ಹೆಚ್ಚುಕಡಿಮೆ ಐದನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಅಂದರೆ ತಂತಿ ಬಹುಮಟ್ಟಿಗೆ ತುಂಡಾಗಿಲ್ಲ, ಆ ತಿರುವಿನಲ್ಲಿ ಸುದ್ದಿ ದಾಟುತ್ತಿಲ್ಲ. ಪಾದ ಎತ್ತುವ ಸ್ನಾಯುವಿನಲ್ಲಿ ಸ್ವಲ್ಪ ತಂತುನಾಶದ ಗುರುತೂ ಇತ್ತು. ಟಿಬಿಯಾಲಿಸ್ ಪೋಸ್ಟೀರಿಯರ್, ಗ್ಲೂಟಿಯಸ್ ಮೀಡಿಯಸ್, ಬೆನ್ನಿನ ಸ್ನಾಯುಗಳು, ತೊಡೆಯ ಹಿಂಭಾಗದ ಬೈಸೆಪ್ಸ್ ಫೆಮೋರಿಸ್‌ನ ಗಿಡ್ಡ ತಲೆ, ಎಲ್ಲವೂ ಸಹಜ. ಕೊನೆಯದಕ್ಕೆ ಮಹತ್ವವಿದೆ: ಪೆರೋನಿಯಲ್ ಭಾಗದಿಂದಲೇ ನರ ಪಡೆದರೂ ಮೊಣಕಾಲಿಗಿಂತ ಮೇಲೆಯೇ ಅದನ್ನು ಪಡೆದುಕೊಳ್ಳುವ ಸ್ನಾಯು ಅದೊಂದೇ, ಅದು ಸರಿಯಿದ್ದರೆ ಪೆಟ್ಟು ತೊಡೆಯಲ್ಲಿಲ್ಲ.

ಏನಾಗಿತ್ತು

ಜೋಮು ಹಿಡಿಯುವುದು ಎಲ್ಲರ ಅನುಭವದಲ್ಲಿರುವ ಸಂಗತಿ. ನರದ ಮೇಲೆ ಭಾರ ಬಿದ್ದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಿಹೋಗಿ, ಪ್ರಾಣವಾಯು ಸಾಲದೆ ನರತಂತುಗಳು ತತ್ಕಾಲಕ್ಕೆ ಮಂಕಾಗುತ್ತವೆ. ಎದ್ದು ಝಾಡಿಸಿದರೆ ನಿಮಿಷಗಳಲ್ಲಿ ರಕ್ತ ಮರಳಿ ಎಲ್ಲ ಸರಿಹೋಗುತ್ತದೆ. ಒತ್ತಡ ಗಂಟೆಗಟ್ಟಲೆ ಉಳಿದು, ದಿನದಿನವೂ ಮರುಕಳಿಸಿದರೆ ಹಾಳಾಗುವುದು ರಕ್ತದ ಹರಿವಷ್ಟೇ ಅಲ್ಲ. ದಪ್ಪ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ತುಂಡುತುಂಡಾಗಿ ಸುತ್ತಿರುತ್ತದೆ. ಸಂಕೇತ ಒಂದು ಸಂದಿನಿಂದ ಇನ್ನೊಂದು ಸಂದಿಗೆ ಜಿಗಿಯುತ್ತ ಸಾಗುತ್ತದೆ. ಒತ್ತಡದ ಅಂಚಿನಲ್ಲಿ ಈ ಹೊದಿಕೆ ಜರುಗಿ, ಒಂದು ತುಂಡು ಇನ್ನೊಂದರೊಳಗೆ ತೂರಿಕೊಂಡು ಹರಿದುಹೋಗುತ್ತದೆ. ಜಿಗಿತ ಅಲ್ಲಿಗೆ ನಿಲ್ಲುತ್ತದೆ. 1943ರಲ್ಲಿ ನರಗಳ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದ ಬ್ರಿಟಿಷ್ ಶಸ್ತ್ರವೈದ್ಯ ಸೆಡನ್ ಇದನ್ನು ನ್ಯೂರಪ್ರಾಕ್ಸಿಯಾ ಎಂದು ಕರೆದರು. ಒಳತಂತು ಉಳಿದಿರುವುದರಿಂದ, ಹೊದಿಕೆ ಮರಳಿ ಬೆಳೆದರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ಗುಣವಾಗುತ್ತದೆ. ಒಳತಂತುವೇ ಸತ್ತರೆ ಅದು ಪೆಟ್ಟಾದ ಜಾಗದಿಂದ ಮತ್ತೆ ಚಿಗುರಬೇಕು. ಆ ಚಿಗುರಿನ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್.

ಒತ್ತಡಕ್ಕೆ ಮೊದಲು ಸೋಲುವುದು ದಪ್ಪ ಹೊದಿಕೆಯ ತಂತುಗಳು. ಅವು ಚಲನೆಗೂ ಸ್ಪರ್ಶಕ್ಕೂ ಸೇರಿದವು. ನೋವನ್ನು ಒಯ್ಯುವ ತೆಳು ತಂತುಗಳು ಬಹುಮಟ್ಟಿಗೆ ಪಾರಾಗುತ್ತವೆ. ಪಾದ ಬಿದ್ದರೂ ಆಕೆಗೆ ನೋವೇ ಇರದಿದ್ದ ಕಾರಣ ಇಲ್ಲಿ ಸಿಗುತ್ತದೆ. ಕುಕ್ಕರಗಾಲಿನಲ್ಲಿ ಕುಳಿತಾಗ ಮೊಣಕಾಲು ಪೂರ್ತಿ ಮಡಚಿ, ನರ ತೊಡೆಯ ಹೊರಬದಿಯ ಸ್ನಾಯುರಜ್ಜುವಿಗೂ ಎಲುಬಿನ ತಲೆಗೂ ನಡುವೆ ಸಿಲುಕುತ್ತದೆ, ನಾರಿನ ಕಮಾನು ಅದನ್ನು ಬಿಗಿಯುತ್ತದೆ. ಜೊತೆಯಲ್ಲಿ ಕುಳಿತ ಇಪ್ಪತ್ತು ಮಂದಿಗೆ ಬಾರದ್ದು ಈಕೆಗೇ ಏಕೆ ಬಂತು ಎಂಬ ಪ್ರಶ್ನೆಗೆ ಆ ಎಂಟು ಕಿಲೋ ಉತ್ತರ ಕೊಡುತ್ತದೆ. ಎಲುಬಿನ ತಿರುವಿನಲ್ಲಿ ನರಕ್ಕಿದ್ದ ಮೆತ್ತೆ ಕೊಬ್ಬಿನದು. ಜ್ವರ ಅದನ್ನು ಕರಗಿಸಿತ್ತು. ತಿಂಗಳಿಡೀ ನೆಲದ ಮೇಲೆ ಕಾಲು ಹೊರಚಾಚಿ ಮಲಗಿದ್ದು ಕೂಡ ಅದೇ ಜಾಗವನ್ನು ಚಾಪೆಗೆ ಒತ್ತಿರಬಹುದು. ಕೊನೆಗೆ, ಸರಿಹೋಗಲು ಹೊರಟಿದ್ದ ನರದ ಮೇಲೆ ಹತ್ತು ದಿನದ ದಬ್ಬೆ ಕಟ್ಟು.

ಚಿಕಿತ್ಸೆ ಮತ್ತು ಚೇತರಿಕೆ

ಚಿಕಿತ್ಸೆಯಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಟ್ರ್ಯಾಕ್ಷನ್ ನಿಲ್ಲಿಸಿದೆ, ಬೆನ್ನುನೋವು ಎರಡು ದಿನದಲ್ಲಿ ಹೋಯಿತು. ಪಟ್ಟಣದ ವೈದ್ಯರಿಗೆ ಫೋನ್ ಮಾಡಿ, ಪಾದ ಎತ್ತಿ ಹಿಡಿದು ನೋಡಿದಾಗ ಸಿಕ್ಕ ಅಂಕಗಳನ್ನು ಹೇಳಿದೆ. ಕಿರಿಯನೊಬ್ಬ ತಿದ್ದುತ್ತಿದ್ದಾನೆ ಎಂದು ಅವರು ಬೇಸರಿಸುವರೇನೋ ಎಂಬ ಅಳುಕು ನನಗಿತ್ತು. ಅವರು ಕೇಳಿದ್ದು ಒಂದೇ: "ಗ್ಲೂಟಿಯಸ್ ಮೀಡಿಯಸ್ ಎಷ್ಟಿದೆ?" ಐದು ಎಂದೆ. ಬಳ್ಳಾರಿಯ ವರದಿ ಬಂದ ದಿನ ಶಸ್ತ್ರಚಿಕಿತ್ಸೆಯ ಸಾಲನ್ನು ತಾವೇ ಹೊಡೆದುಹಾಕಿ ಸಹಿ ಮಾಡಿದರು.

ಕುಕ್ಕರಗಾಲು, ಕಾಲ ಮೇಲೆ ಕಾಲು ಹಾಕುವುದು, ಬಲಮಗ್ಗುಲಿಗೆ ಗಟ್ಟಿ ನೆಲದ ಮೇಲೆ ಮಲಗುವುದು, ಈ ಮೂರನ್ನೂ ನಿಲ್ಲಿಸಲು ಹೇಳಿದೆ. ಮೊದಲನೆಯದನ್ನು ಹೇಳುವುದು ಸುಲಭ. ಪಾತ್ರೆ ತೊಳೆಯುವುದು, ರೊಟ್ಟಿ ಬಡಿಯುವುದು, ಬಯಲಕಡೆ ಹೋಗುವುದು ಎಲ್ಲವೂ ನೆಲಮಟ್ಟದಲ್ಲೇ ನಡೆಯುವ ಮನೆಯಲ್ಲಿ ಪಾಲಿಸುವುದು ಕಷ್ಟ. ರೊಟ್ಟಿಯ ಕೆಲಸವನ್ನು ಅತ್ತೆ ವಹಿಸಿಕೊಂಡರು. ಉಳಿದದ್ದಕ್ಕೆ ಎತ್ತರದ ಮಣೆಯೊಂದನ್ನು ಗಂಡ ಮಾಡಿಕೊಟ್ಟರು.

ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟನ್ನು ಬಳ್ಳಾರಿಯಿಂದಲೇ ತರಿಸಿದೆವು. ಎರಡು ವಾರದ ನಂತರ ತಿಳಿಯಿತು, ಆಕೆ ಅದನ್ನು ಹಾಕಿಕೊಳ್ಳುತ್ತಿದ್ದದ್ದು ನನ್ನಲ್ಲಿಗೆ ಬರುವ ದಿನ ಮಾತ್ರ. ಅದು ಬೂಟಿನೊಳಗೆ ಕೂರುವ ವಸ್ತು; ಆಕೆ ಜೀವಮಾನದಲ್ಲಿ ಬೂಟು ಹಾಕಿದವರಲ್ಲ, ಮನೆಯೊಳಗೆ ಬರಿಗಾಲಿನಲ್ಲಿ ಇರುವವರು. ಬೈಯುವುದರಲ್ಲಿ ಅರ್ಥವಿರಲಿಲ್ಲ. ಪೇಟೆಯ ಚಪ್ಪಲಿ ಹೊಲಿಯುವವರೊಬ್ಬರ ಬಳಿ ಕೂತು ಹಿಂಪಟ್ಟಿ ಇರುವ ಒಂದು ಚಪ್ಪಲಿ ಮಾಡಿಸಿದೆವು: ಹರಡಿನ ಸ್ವಲ್ಪ ಮೇಲೆ ಮೆತ್ತನೆಯ ಪಟ್ಟಿ, ಅದರಿಂದ ಚಪ್ಪಲಿಯ ಮುಂತುದಿಗೆ ಅಗಲವಾದ ಇಲಾಸ್ಟಿಕ್. ಪಟ್ಟಿಯನ್ನು ಮೊಣಕಾಲಿನ ಕೆಳಗೆ ಹಾಕಿದರೆ ಹೆಚ್ಚು ಗಟ್ಟಿ ನಿಲ್ಲುತ್ತದೆ ಎಂದು ಅವರು ಹೇಳಿದಾಗ ನಾನು ಬೇಡವೇ ಬೇಡ ಎಂದೆ; ಕಾರಣ ಕೇಳಿ, ಆ ಎಲುಬಿನ ಮೇಲೆ ತಮ್ಮ ಕಾಲಲ್ಲೇ ಬೆರಳಿಟ್ಟು ನೋಡಿಕೊಂಡರು. ಅದನ್ನು ಆಕೆ ದಿನವೂ ಹಾಕಿಕೊಂಡರು. ಮುಗ್ಗರಿಸುವುದು ಅಂದಿಗೇ ನಿಂತಿತು.

ಹಿಮ್ಮಡಿಯ ಸ್ನಾಯು ಸೆಡೆಯದಂತೆ ದಿನಕ್ಕೆ ಮೂರು ಹೊತ್ತು ಹಳೆಯ ಸೀರೆಯ ತುಂಡನ್ನು ಪಾದದ ಮುಂಭಾಗಕ್ಕೆ ಹಾಕಿ ತಮ್ಮ ಕಡೆಗೆ ಎಳೆದುಕೊಳ್ಳುವುದನ್ನು ಕಲಿಸಿದೆ. ವಾರಕ್ಕೆರಡು ಸಲ ವಿದ್ಯುತ್ ಉತ್ತೇಜನವನ್ನೂ ಕೊಟ್ಟೆ. ಚೇತರಿಕೆಗೆ ಅದರಿಂದ ಏನಾದರೂ ಸೇರಿತೇ ಎಂದು ಕೇಳಿದರೆ ಹೌದೆನ್ನಲು ನನ್ನಲ್ಲಿ ಆಧಾರವಿಲ್ಲ. ಆಕೆಗೆ ತನ್ನ ಪಾದ ಏಳುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟರ ಮಟ್ಟಿಗೆ ಒಳ್ಳೆಯದು.

ಐದನೆಯ ವಾರದ ಕೊನೆಗೆ ಪಾದದ ಹೊರಹೊರಳಿಕೆ 3ಕ್ಕೆ ಬಂತು. ಏಳನೆಯ ವಾರ ಪಾದ ಎತ್ತುವುದು 2, ಒಂಬತ್ತನೆಯ ವಾರ 3. ಆ ವಾರ ಆಕೆ ಇಲಾಸ್ಟಿಕ್ ಬಿಚ್ಚಿ ನನ್ನ ಕೊಠಡಿಯ ಉದ್ದಕ್ಕೂ ನಡೆದು ತೋರಿಸಿದರು. ಕೆಸರುಗದ್ದೆಯಲ್ಲಿ ಹೋಗುವವರ ಹಾಗೆ ಮೊಣಕಾಲು ಎತ್ತಿ ಪಾದವನ್ನು ಪಟ್ಟೆಂದು ನೆಲಕ್ಕೆ ಹಾಕುತ್ತಿದ್ದ ನಡಿಗೆ ಹೋಗಿತ್ತು. ಹನ್ನೆರಡನೆಯ ವಾರಕ್ಕೆ ಪಾದದ ಬಲ 4. ಹೆಬ್ಬೆರಳು ಮಾತ್ರ ಹಟ ಹಿಡಿಯಿತು. ಅದನ್ನು ಎತ್ತುವ ಸ್ನಾಯುವಿಗೆ ನರ ಹೋಗುವುದು ಇನ್ನೂ ಕೆಳಗೆ. ಚಿಗುರಬೇಕಾದ ತಂತು ಅಷ್ಟು ದೂರ ನಡೆಯಬೇಕು. ಮಿಡಿತ ಕಂಡದ್ದು ನಾಲ್ಕನೆಯ ತಿಂಗಳಲ್ಲಿ.

ನನ್ನ ಅಭ್ಯಾಸದಲ್ಲಿ ಆದ ಬದಲಾವಣೆ

ಈಗ ಲಕೋಟೆಯನ್ನು ಕೊನೆಗೆ ಬಿಚ್ಚುತ್ತೇನೆ. ಆ ಡಿಸ್ಕ್ ಉಬ್ಬು ಸುಳ್ಳಲ್ಲ, ಅದು ಅಲ್ಲಿತ್ತು. ಬೆನ್ನುನೋವೇ ಇಲ್ಲದ ಅನೇಕರಲ್ಲಿ ಅಂಥ ಉಬ್ಬು ಇರುತ್ತದೆ, ಆಕೆಯೂ ಅವರಲ್ಲೊಬ್ಬರು. ಬೆನ್ನೂ ನೋಯದೆ ತೊಡೆಯೂ ಸೆಳೆಯದೆ ಪಾದ ಮಾತ್ರ ಬಿದ್ದಿದೆ ಎಂಬ ಸಂಗತಿ ಮೊದಲ ದಿನವೇ ನನ್ನ ಮುಂದಿತ್ತು. ಜೋತುಬಿದ್ದ ಪಾದ ಬಂದರೆ ಬಿದ್ದ ಸ್ನಾಯುಗಳನ್ನು ಬೇಗ ಬರೆದು ಮುಗಿಸಿ, ಉಳಿದವನ್ನು ಒಂದೊಂದಾಗಿ, ಪಾದವನ್ನು ಎತ್ತಿ ಹಿಡಿದು ನೋಡುತ್ತೇನೆ. ಯಾರಾದರೂ ಕಟ್ಟು ಕಟ್ಟಿದ್ದರೇ, ಈಚೆಗೆ ತೂಕ ಇಳಿದಿದೆಯೇ, ಯಾವ ಕೆಲಸ, ಹೇಗೆ ಕೂರುತ್ತೀರಿ, ಕೂತು ತೋರಿಸಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ನಾಟಿ ವೈದ್ಯರ ಬಳಿಗೂ ಒಮ್ಮೆ ಹೋಗಿ, ಕಟ್ಟಿನ ಮೇಲಿನ ಅಂಚನ್ನು ನಾಲ್ಕು ಬೆರಳು ಕೆಳಗೆ ಇಳಿಸಿದರೆ ಸಾಕು ಎಂದು ಹೇಳಿಬಂದೆ. ಚಹಾ ಕೊಟ್ಟರು, ಕೇಳಿಸಿಕೊಂಡರು; ಇಳಿಸಿದ್ದಾರೋ ಇಲ್ಲವೋ ಅವರಿಂದ ಬಂದ ಮುಂದಿನ ಕಾಲು ಹೇಳಬೇಕು.

ಹನ್ನೊಂದು ತಿಂಗಳ ಮೇಲೆ, ಮತ್ತೆ ಉಳ್ಳಾಗಡ್ಡಿ ಕೊಯ್ಯುವ ಕಾಲಕ್ಕೆ, ಆಕೆ ಕೊನೆಯ ಸಲ ಬಂದರು. ತೂಕ 51. ಪಾದ ಎತ್ತುವುದು 5, ಹೆಬ್ಬೆರಳು 4, ಎರಡು ಬೆರಳ ಸಂದಿಯಲ್ಲಿ ಬಿಲ್ಲೆಯಷ್ಟು ಜಾಗ ಇನ್ನೂ ಮಂಕು. ಉಂಗುಟದ ಚಪ್ಪಲಿ ನಿಲ್ಲುತ್ತದೆ. ಮಣೆಯನ್ನು ಹೊಲಕ್ಕೂ ಒಯ್ಯುತ್ತಾರಂತೆ, ಸಾಲಿನಲ್ಲಿ ಇನ್ನಿಬ್ಬರು ಹೆಂಗಸರು ಅಂಥ ಮಣೆ ಮಾಡಿಸಿಕೊಂಡಿದ್ದಾರಂತೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುತ್ತೀರಾ ಎಂದು ಕೇಳಿದೆ. "ಮುಂಜಾನಿ ಏಳತೀನ್ರಿ," ಎಂದರು ಆಕೆ, "ಮಧ್ಯಾಹ್ನದ ಮ್ಯಾಲೆ ಚೀಲದ ಲೆಕ್ಕ ಬಂತಂದ್ರ ಮರತು ಹೋಗತೈತಿ."